ಎಲುಬಿಗೆ ಇಳಿದ ಸದ್ದು

ರಾಯದುರ್ಗ, ಮಡಕಶಿರಾ ಕಡೆಯ ನಮ್ಮ ಹಳ್ಳಿಗಳಲ್ಲಿ ಕೈಕಾಲು ಮುರಿದರೆ ಮೊದಲು ನೆನಪಿಗೆ ಬರುವುದು ಪುತ್ತೂರು ಕಟ್ಟು. ಆದರೆ ಎಲುಬಿನೊಳಗೇ ಗಡ್ಡೆ ಬೆಳೆದರೆ ಕಟ್ಟಿನಿಂದ ಆಗುವುದು ಏನೂ ಇಲ್ಲ. ಅನಂತಪುರಕ್ಕೋ ಬಳ್ಳಾರಿಗೋ ಬೆಂಗಳೂರಿಗೋ ಬಸ್ಸು ಹತ್ತಲೇಬೇಕು. ಹಾಗೆ ದೊಡ್ಡ ಊರಿನ ಆಸ್ಪತ್ರೆಗಳಿಗೆ ಹೋಗಿಬಂದವರ ಬಾಯಲ್ಲಿ ಇತ್ತೀಚೆಗೆ ಒಂದು ಹೊಸ ಮಾತು ಕೇಳಿಬರುತ್ತಿದೆ. ‘ಕತ್ತರಿ ಇಲ್ಲ, ಸೂಜಿ ಇಲ್ಲ, ಬರೀ ಸದ್ದಿನಿಂದಲೇ ವಾಸಿ ಮಾಡುತ್ತಾರಂತೆ’ ಎಂದು. ಈ ಮಾತು ಪೂರಾ ಸುಳ್ಳಲ್ಲ, ಪೂರಾ ನಿಜವೂ ಅಲ್ಲ.

ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಕೂತವನು ನಾನು. ಒಡವೆ ಅಡವಿಡಲು ಬಂದವರನ್ನು ‘ಯಾತಕ್ಕಮ್ಮಾ ಸಾಲ?’ ಎಂದು ಕೇಳಿದರೆ, ಬಿತ್ತನೆಗೆ, ಮದುವೆಗೆ ಎಂಬ ಉತ್ತರದಷ್ಟೇ ಸಲ ‘ಆಸ್ಪತ್ರೆಗೆ’ ಎಂಬ ಉತ್ತರವೂ ಬರುತ್ತಿತ್ತು. ಆದ್ದರಿಂದ ಯಾವುದಾದರೂ ಹೊಸ ಚಿಕಿತ್ಸೆಯ ಹೆಸರು ಕಿವಿಗೆ ಬಿದ್ದರೆ ಸಾಕು, ಇದು ಎಲ್ಲಿಂದ ಬಂತು, ಎಷ್ಟು ದೂರ ಬಂದಿದೆ ಎಂದು ತಿಳಿದುಕೊಳ್ಳುವ ಚಪಲ ನನಗೆ. ಈ ಸದ್ದಿನ ಚಿಕಿತ್ಸೆಯ ಚರಿತ್ರೆ ನೂರು ವರ್ಷಕ್ಕೂ ಹಳೆಯದು. ಅದನ್ನೇ ಇಂದು ನಿಮ್ಮ ಮುಂದಿಡುತ್ತೇನೆ.

ಮೊದಲು ಸದ್ದಿನ ವಿಚಾರ. ಡೋಲಿನ ಚರ್ಮ ಅದುರಿದರೆ ಗಾಳಿ ಅದುರುತ್ತದೆ, ಗಾಳಿ ಅದುರಿದರೆ ನಮ್ಮ ಕಿವಿಯ ತಮಟೆ ಅದುರುತ್ತದೆ. ಒಂದು ಸೆಕೆಂಡಿಗೆ ಇಪ್ಪತ್ತು ಸಲದಿಂದ ಇಪ್ಪತ್ತು ಸಾವಿರ ಸಲದವರೆಗಿನ ಅದುರನ್ನು ಮನುಷ್ಯನ ಕಿವಿ ಹಿಡಿಯಬಲ್ಲದು. ಅದಕ್ಕೂ ಮೇಲಿನದು ಬಾವಲಿಗೆ ಕೇಳಿಸುತ್ತದೆ, ನಮಗಿಲ್ಲ. ನಮಗೆ ಕೇಳದ ಈ ಸದ್ದಿಗೆ ಪುಸ್ತಕಗಳಲ್ಲಿ ಶ್ರವಣಾತೀತ ಧ್ವನಿ ಎಂದು ಹೆಸರು. ಆಸ್ಪತ್ರೆಯಲ್ಲಿ ಅಲ್ಟ್ರಾಸೌಂಡ್ ಎನ್ನುತ್ತಾರೆ. ಬಸುರಿಯರಿಗೆ ಮಾಡುವ ‘ಸ್ಕ್ಯಾನಿಂಗ್’ ಇದೇ ಸದ್ದಿನದು.

ಕೇಳದ ಸದ್ದನ್ನು ಹುಟ್ಟಿಸುವುದು ಹೇಗೆ? ನಿಮ್ಮ ಅಡುಗೆಮನೆಯಲ್ಲಿ ಗ್ಯಾಸ್ ಹಚ್ಚುವ ಲೈಟರ್ ಇದೆಯಲ್ಲ, ಅದನ್ನು ಟಿಕ್ಕೆಂದು ಒತ್ತಿದರೆ ಕಿಡಿ ಹಾರುತ್ತದೆ. ಒಳಗೆ ಒಂದು ಬಗೆಯ ಹರಳಿನಂಥ ವಸ್ತು ಇರುತ್ತದೆ. ಅದಕ್ಕೆ ಪೆಟ್ಟು ಬಿದ್ದರೆ ವಿದ್ಯುತ್ತು ಹುಟ್ಟುತ್ತದೆ. ಈ ಗುಣವನ್ನು 1880ರಲ್ಲಿ ಪ್ಯಾರಿಸಿನಲ್ಲಿ ಕಂಡುಹಿಡಿದವರು ಜಾಕ್ ಕ್ಯೂರಿ ಮತ್ತು ಪಿಯರ್ ಕ್ಯೂರಿ ಎಂಬ ಅಣ್ಣತಮ್ಮಂದಿರು. ರೇಡಿಯಂ ಕಂಡುಹಿಡಿದ ಮೇರಿ ಕ್ಯೂರಿಯ ಗಂಡನೇ ಈ ಪಿಯರ್. ಇದನ್ನು ತಿರುವುಮುರುವು ಮಾಡಬಹುದು ಎಂಬುದು ಮರುವರ್ಷವೇ ಗೊತ್ತಾಯಿತು. ಹರಳಿಗೆ ವಿದ್ಯುತ್ತು ಹಾಯಿಸಿದರೆ ಅದು ಹಿಗ್ಗಿ ಕುಗ್ಗಿ ಅದುರುತ್ತದೆ. ವಿದ್ಯುತ್ತನ್ನು ವೇಗವಾಗಿ ಹಿಂದೆ ಮುಂದೆ ಮಾಡಿದಷ್ಟೂ ಅದುರು ವೇಗವಾಗುತ್ತದೆ. ಕಿವಿಗೆ ಕೇಳದ ಸದ್ದು ಬೇಕಾದಷ್ಟು!

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇದು ಪ್ರಯೋಗಶಾಲೆಯ ಆಟವಾಗಿಯೇ ಉಳಿದಿತ್ತು. ಕೆಲಸಕ್ಕೆ ಹಚ್ಚಿದ್ದು ಯುದ್ಧ. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಹಡಗು ಮುಳುಗಿಸತೊಡಗಿದಾಗ, ಅವನ್ನು ನೀರಿನೊಳಗೆ ಪತ್ತೆ ಹಚ್ಚುವ ಕೆಲಸ ಪಿಯರ್ ಕ್ಯೂರಿಯ ಶಿಷ್ಯ ಪಾಲ್ ಲ್ಯಾಂಜೆವಿನ್ ಪಾಲಿಗೆ ಬಂತು. ಸದ್ದನ್ನು ನೀರಿಗೆ ಬಿಟ್ಟು, ಅದು ಬಡಿದು ಮರಳಿ ಬರುವ ಪ್ರತಿಧ್ವನಿಯನ್ನು ಹಿಡಿಯುವುದು ಅವನ ಉಪಾಯ. 1917ರಲ್ಲಿ ಅವನು ಅದಕ್ಕೆ ಸ್ಫಟಿಕದ ಹರಳನ್ನು ಬಳಸಿದ. ಫ್ರಾನ್ಸಿನ ದಕ್ಷಿಣ ತೀರದ ತುಲೋನ್ ನೌಕಾನೆಲೆಯಲ್ಲಿ ಪ್ರಯೋಗ ನಡೆಯುತ್ತಿದ್ದಾಗ ಯಾರೂ ನೆನೆಸದ ಸಂಗತಿಯೊಂದು ಕಣ್ಣಿಗೆ ಬಿತ್ತು. ಸದ್ದಿನ ದಾರಿಗೆ ಅಡ್ಡ ಬಂದ ಸಣ್ಣ ಮೀನುಗಳು ಸತ್ತು ತೇಲುತ್ತಿದ್ದವು. ನೀರಿನಲ್ಲಿ ಕೈಯಿಟ್ಟವರಿಗೆ ತಡೆಯಲಾರದ ನೋವು!

ಕೇಳುಗರೇ, ಇದನ್ನು ಸ್ವಲ್ಪ ನೆನಪಿಡಿ. ಈ ಸದ್ದು ಜೀವವನ್ನು ಸುಡಬಲ್ಲದು ಎಂಬುದು ಮೊದಲ ದಿನದಿಂದಲೇ ಗೊತ್ತಿತ್ತು. ಎಲ್ಲಿ ಸುಡುತ್ತಿದ್ದೇವೆ, ಎಷ್ಟು ಸುಡುತ್ತಿದ್ದೇವೆ ಎಂದು ಕಾಣುವ ಕಣ್ಣು ಸಿಗಲು ಮುಂದೆ ಮುಕ್ಕಾಲು ಶತಮಾನ ಬೇಕಾಯಿತು.

ತುಲೋನಿನಲ್ಲಿ ಆ ಮೀನುಗಳನ್ನು ಕಂಡವರಲ್ಲಿ ರಾಬರ್ಟ್ ವುಡ್ ಎಂಬ ಅಮೆರಿಕದ ವಿಜ್ಞಾನಿಯೂ ಒಬ್ಬ. ಅವನಿಗೆ ಮುಂದೆ ಒಬ್ಬ ಜೊತೆಗಾರ ಸಿಕ್ಕಿದ, ಆಲ್ಫ್ರೆಡ್ ಲೂಮಿಸ್. ನಮ್ಮ ಕಸುಬಿನವನೇ ಎಂದು ಹೇಳಿಕೊಳ್ಳಲು ನನಗೆ ಆಸೆ, ಆದರೆ ಅವನು ಕೌಂಟರಿನಲ್ಲಿ ಕೂತವನಲ್ಲ, ನ್ಯೂಯಾರ್ಕಿನ ವಾಲ್ ಸ್ಟ್ರೀಟಿನಲ್ಲಿ ಕೋಟಿಗಟ್ಟಲೆ ಗಳಿಸಿದ ಬಂಡವಾಳಗಾರ. 1929ರ ಷೇರುಪೇಟೆಯ ಕುಸಿತಕ್ಕೆ ಮುಂಚೆಯೇ ತನ್ನ ಹಣ ಹೊರಗೆ ತೆಗೆದುಕೊಂಡ ಬುದ್ಧಿವಂತ. ಗಳಿಸಿದ ಹಣದಲ್ಲಿ ಟಕ್ಸೀಡೊ ಪಾರ್ಕ್ ಎಂಬಲ್ಲಿ ಸ್ವಂತ ಪ್ರಯೋಗಶಾಲೆ ಮಾಡಿಕೊಂಡಿದ್ದ. ಇಬ್ಬರೂ ಸೇರಿ 1927ರಲ್ಲಿ ಪ್ರಕಟಿಸಿದ ಲೇಖನ ಈ ಶಾಸ್ತ್ರದ ಮೂಲಪತ್ರದಂತಿದೆ. ಮೀನು, ಕಪ್ಪೆಗಳು ಸತ್ತದ್ದು ಅದರಲ್ಲಿದೆ. ಗಾಜಿನ ಕಡ್ಡಿಯ ಮೂಲಕ ಈ ಅದುರನ್ನು ಹಾಯಿಸಿ ತುದಿಯನ್ನು ಮರದ ಚಕ್ಕೆಗೆ ಒತ್ತಿದರೆ ಹೊಗೆಯೆದ್ದು ಮರ ಸುಟ್ಟು ತೂತಾಗುತ್ತಿದ್ದುದೂ ಇದೆ.

ಇದೇ ಕಾಲದಲ್ಲಿ ನಮ್ಮ ಬೆಂಗಳೂರಿಗೂ ಈ ಕಥೆಯಲ್ಲಿ ಒಂದು ಪಾಲು ಬಂತು. ಪಾರದರ್ಶಕ ದ್ರವದಲ್ಲಿ ಶ್ರವಣಾತೀತ ಸದ್ದು ಹಾಯುವಾಗ ಅದರೊಳಗೆ ಬೆಳಕು ಬಿಟ್ಟರೆ ಬೆಳಕು ಚದುರಿ ಗೆರೆಗೆರೆಯಾಗುತ್ತದೆ ಎಂದು 1932ರಲ್ಲಿ ಅಮೆರಿಕ ಮತ್ತು ಫ್ರಾನ್ಸಿನವರು ಕಂಡಿದ್ದರು. ಅದು ಯಾಕೆ ಹಾಗೆ ಎಂದು ಲೆಕ್ಕ ಬಿಡಿಸಿದವರು ಸಿ. ವಿ. ರಾಮನ್ ಮತ್ತು ಅವರ ಶಿಷ್ಯ ಎನ್. ಎಸ್. ನಾಗೇಂದ್ರನಾಥ್. 1935ರಿಂದ ಅವರು ಸಾಲಾಗಿ ಬರೆದ ಲೇಖನಗಳ ಸಿದ್ಧಾಂತಕ್ಕೆ ಇಂದಿಗೂ ರಾಮನ್–ನಾಥ್ ಎಂದೇ ಹೆಸರು. ಟಾಟಾ ಇನ್‌ಸ್ಟಿಟ್ಯೂಟ್ ಎಂದು ಜನ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದ ಕೆಲಸ ಅದು. ರೋಗಿಗೂ ಅದಕ್ಕೂ ನೇರ ನಂಟಿಲ್ಲ. ಆದರೆ ನೀರಿನಲ್ಲಿ ಸದ್ದಿನ ದಾರಿಯನ್ನು ಬೆಳಕಿನಿಂದ ನೋಡುವ ವಿಧಾನಗಳಿಗೆ ಆಧಾರ ಅದೇ.

ಜರ್ಮನಿಯಲ್ಲಿ ಬೇರೆ ದಾರಿ ತೆರೆಯಿತು. ರೈಮಾರ್ ಪೋಲ್‌ಮನ್ ಎಂಬ ಭೌತಶಾಸ್ತ್ರಜ್ಞ 1938ರ ಸುಮಾರಿಗೆ ಬರ್ಲಿನ್ನಿನಲ್ಲಿ, ಸುಡದ ಹಾಗೆ ಮೆಲ್ಲಗೆ ಬಿಸಿಮಾಡುವ ಯಂತ್ರ ಮಾಡಿ ನರದ ನೋವಿನವರಿಗೆ, ಸೊಂಟದಿಂದ ಕಾಲಿಗಿಳಿಯುವ ಸಯಾಟಿಕಾ ನೋವಿನವರಿಗೆ ಹಚ್ಚಿದ. ಇಂದು ಫಿಸಿಯೋಥೆರಪಿ ಕೋಣೆಯಲ್ಲಿ ತಣ್ಣನೆಯ ಜೆಲ್ ಸವರಿ ಮಂಡಿಯ ಮೇಲೆ ಗುಂಡಗೆ ಆಡಿಸುತ್ತಾರಲ್ಲ, ಅದರ ಮೂಲಪುರುಷ ಇದು. ಯುದ್ಧ ಮುಗಿಯುವ ಹೊತ್ತಿಗೆ ಯುರೋಪಿನಲ್ಲಿ ಇದರ ಹುಚ್ಚು ಹತ್ತಿತು. ಕೀಲುನೋವಿಗೆ ಸರಿ, ಹೊಟ್ಟೆಹುಣ್ಣಿಗೆ, ಉಬ್ಬಸಕ್ಕೆ, ಇಸುಬಿಗೆ, ಮೂಲವ್ಯಾಧಿಗೆ, ಆನೆಕಾಲಿಗೆ, ಎದೆನೋವಿಗೂ ಇದೇ ಮದ್ದು! ಜಾತ್ರೆಯಲ್ಲಿ ಒಂದೇ ಎಣ್ಣೆಯನ್ನು ಸರ್ವರೋಗಕ್ಕೂ ಮಾರುವವರನ್ನು ನೀವು ಕಂಡಿದ್ದೀರಿ. ಡಾಕ್ಟರುಗಳೂ ಒಂದು ಕಾಲಕ್ಕೆ ಅದೇ ಸಾಲಿನಲ್ಲಿ ನಿಂತಿದ್ದರು ಅನ್ನಿ.

ಈಗ ಮುಖ್ಯ ತಿರುವಿಗೆ ಬರೋಣ. ಚಿಕ್ಕವರಿದ್ದಾಗ ಭೂತಗನ್ನಡಿ ಹಿಡಿದು ಕಾಗದ ಸುಟ್ಟಿಲ್ಲವೇ? ತೆಲುಗಿನಲ್ಲಿ ಭೂತದ್ದಂ ಎನ್ನುತ್ತೇವಲ್ಲ, ಅದು. ಬಿಸಿಲು ನಮ್ಮ ಬೆನ್ನಿನ ಮೇಲೆಲ್ಲ ಬಿದ್ದರೆ ಬೆವರುತ್ತೇವೆ, ಅಷ್ಟೆ. ಅದೇ ಬಿಸಿಲನ್ನು ಗಾಜು ಒಂದು ಚುಕ್ಕಿಗೆ ಕೂಡಿಸಿದರೆ ಕಾಗದ ಹತ್ತಿಕೊಳ್ಳುತ್ತದೆ. ಕಾಗದಕ್ಕೂ ಗಾಜಿಗೂ ನಡುವೆ ಕೈ ಆಡಿಸಿದರೆ ಕೈ ಸುಡುವುದಿಲ್ಲ. ಸದ್ದನ್ನೂ ಹೀಗೆ ಕೂಡಿಸಬಹುದೇ? 1935ರಲ್ಲಿ ಜರ್ಮನಿಯ ಗ್ರುಟ್ಸ್‌ಮಾಖರ್ ಸ್ಫಟಿಕವನ್ನು ಬೋಗುಣಿಯಂತೆ ಬಾಗಿಸಿ ಕತ್ತರಿಸಿ, ಸದ್ದು ಒಂದೆಡೆ ಕೂಡುವಂತೆ ಮಾಡಿದ. 1942ರಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದ ಜಾನ್ ಲಿನ್ ಮತ್ತು ಸಂಗಡಿಗರು ಪಿತ್ತಜನಕಾಂಗದ ತುಂಡೊಂದರ ನಡುವೆ, ಮೇಲ್ಭಾಗ ಹೆಚ್ಚು ಕೆಡದ ಹಾಗೆ, ಒಳಗಷ್ಟೇ ಸುಟ್ಟು ತೋರಿಸಿದರು. ಮೈ ಕೊಯ್ಯದೆ ಮೈಯೊಳಗೆ ಮುಟ್ಟುವ ವಿದ್ಯೆಯ ಮೊದಲ ಪಾಠ ಇದು. ಆದರೆ ಪ್ರಾಣಿಗಳ ಮೆದುಳಿಗೆ ತಲೆಯ ಮೇಲಿಂದಲೇ ಬಿಟ್ಟಾಗ ನಡುವಿನ ಚರ್ಮ, ಎಲುಬು ಬೆಂದವು.

ಎಲುಬು! ಈ ಕಥೆಯ ಖಳನಾಯಕ ಅಂದಿನ ಮಟ್ಟಿಗೆ ಅದೇ. ಮಾಂಸದೊಳಗೆ ಸದ್ದು ಸರಾಗವಾಗಿ ಸಾಗುತ್ತದೆ. ಎಲುಬು ಅದನ್ನು ಹೀರಿಕೊಂಡು ತಾನೇ ಕಾಯುತ್ತದೆ. ಯುದ್ಧಕಾಲದಲ್ಲಿ ನೀರೊಳಗಿನ ಸದ್ದಿನ ಕೆಲಸ ಕಲಿತ ವಿಲಿಯಂ ಫ್ರೈ 1946ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಇದಕ್ಕಾಗಿಯೇ ಪ್ರಯೋಗಶಾಲೆ ತೆರೆದ. ತಮ್ಮ ಫ್ರಾನ್ಸಿಸ್ ಜೊತೆ ಸೇರಿ ನಾಲ್ಕು ದಿಕ್ಕಿನಿಂದ ಬರುವ ಸದ್ದನ್ನು ಒಂದು ಬಿಂದುವಿನಲ್ಲಿ ಕೂಡಿಸುವ ಯಂತ್ರ ಕಟ್ಟಿದ. 1950ರ ದಶಕದ ಕೊನೆಗೆ ಅಯೋವಾದ ಶಸ್ತ್ರವೈದ್ಯ ರಸೆಲ್ ಮೇಯರ್ಸ್ ಜೊತೆ ಕೈ ನಡುಗುವ ಪಾರ್ಕಿನ್‌ಸನ್ ರೋಗಿಗಳ ಮೆದುಳಿಗೆ ಅದನ್ನು ಹಚ್ಚಿದರು. ಆದರೆ ಅದಕ್ಕೆ ಮೊದಲು ತಲೆಬುರುಡೆಯ ಒಂದು ಭಾಗ ಕತ್ತರಿಸಿ ತೆಗೆಯಬೇಕಾಗಿತ್ತು. ಕತ್ತರಿ ಬೇಡದ ಚಿಕಿತ್ಸೆಗೆ ಮೊದಲು ಕತ್ತರಿ! ಕೆಲವೇ ವರ್ಷಗಳಲ್ಲಿ ಆ ರೋಗಕ್ಕೆ ನುಂಗುವ ಮದ್ದೂ ಬಂತು. 1968ರಲ್ಲಿ ವಿಲಿಯಂ ಫ್ರೈ ತೀರಿಕೊಂಡ.

ಎಲುಬು ಒಂದು ತೊಡಕಾದರೆ ಕತ್ತಲೆ ಇನ್ನೊಂದು. ಮೈಯೊಳಗೆ ಸದ್ದು ಎಲ್ಲಿ ಕೂಡುತ್ತಿದೆ ಎಂದು ನೋಡುವವರಾರು? ಅದೇ ಸದ್ದು ಮೆಲ್ಲಗೆ ಬಿಟ್ಟರೆ ಚಿತ್ರ ಕೊಡುತ್ತದೆ ಎಂದು ತೋರಿಸಿದವನು ಸ್ಕಾಟ್ಲೆಂಡಿನ ಗ್ಲಾಸ್ಗೋದ ಹೆರಿಗೆ ಡಾಕ್ಟರ್ ಇಯಾನ್ ಡೊನಾಲ್ಡ್. 1955ರಲ್ಲಿ ಬಾಯ್ಲರ್ ಕಾರ್ಖಾನೆಯಲ್ಲಿ ಲೋಹದ ಬಿರುಕು ಹುಡುಕುವ ಯಂತ್ರದ ಮುಂದೆ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಗಳನ್ನು ಇಟ್ಟು ನೋಡಿ, ಎಂಜಿನಿಯರ್ ಟಾಮ್ ಬ್ರೌನ್ ಮತ್ತು ಡಾಕ್ಟರ್ ಮ್ಯಾಕ್‌ವಿಕಾರ್ ಜೊತೆ 1958ರಲ್ಲಿ ಹೊಟ್ಟೆಯೊಳಗಿನ ಚಿತ್ರಗಳನ್ನು ಪ್ರಕಟಿಸಿದ. ಊರೂರಿನ ಸ್ಕ್ಯಾನಿಂಗ್ ಸೆಂಟರುಗಳ ತಾಯಿಬೇರು ಅಲ್ಲಿದೆ. ಈ ಚಿತ್ರದಲ್ಲಿ ಗಡ್ಡೆ ಕಾಣುತ್ತದೆ, ಬಿಸಿ ಮಾತ್ರ ಸರಿಯಾಗಿ ಕಾಣುವುದಿಲ್ಲ.

ಬಿಸಿಯನ್ನು ಕಾಣಿಸಿದ್ದು ಎಂ.ಆರ್.ಐ. ಎಂಬ ಕಾಂತದ ಯಂತ್ರ. ನಮ್ಮ ಮೈಯ ಬಹುಪಾಲು ನೀರು. ಆ ನೀರಿನ ಹೈಡ್ರೋಜನ್ ಕಣಗಳು ಬಲವಾದ ಅಯಸ್ಕಾಂತದೊಳಗೆ ಕೊಡುವ ಸಣ್ಣ ಸಂಕೇತದಿಂದ ಈ ಯಂತ್ರ ಚಿತ್ರ ಬಿಡಿಸುತ್ತದೆ. ನೀರು ಒಂದು ಡಿಗ್ರಿ ಬಿಸಿಯಾದರೆ ಆ ಸಂಕೇತದ ಆವರ್ತನ ಹತ್ತು ಕೋಟಿಯಲ್ಲಿ ಒಂದು ಪಾಲಿನಷ್ಟು ಸರಿಯುತ್ತದೆ. ನೂರು ಲಕ್ಷಗಳ ಲೆಕ್ಕದಲ್ಲಿ ಒಂದು ಪೈಸೆ ಹೆಚ್ಚುಕಡಿಮೆಯಾದರೆ ರಾತ್ರಿ ಹತ್ತರವರೆಗೆ ಕೂತು ಹುಡುಕುತ್ತಿದ್ದ ಹಳೆಯ ಬ್ಯಾಂಕಿನವರಿಗೆ ಈ ಹುಡುಕಾಟದ ಕಷ್ಟ ಗೊತ್ತು! ಆ ಸಣ್ಣ ವ್ಯತ್ಯಾಸವನ್ನು ಹಿಡಿದು ಉಷ್ಣತೆ ಅಳೆಯುವ ದಾರಿ 1990ರ ದಶಕದ ಮೊದಲ ಭಾಗದಲ್ಲಿ ಸಿದ್ಧವಾಯಿತು. ಹಂಗೇರಿ ಮೂಲದ ಡಾಕ್ಟರ್ ಫೆರೆಂಕ್ ಯೋಲೆಸ್ ಮತ್ತು ಫಿನ್‌ಲೆಂಡ್ ಮೂಲದ ಕುಲ್ಲೆರ್ವೋ ಹೈನಿನೆನ್ ಬೋಸ್ಟನ್ನಿನ ಬ್ರಿಗಮ್ ಆಸ್ಪತ್ರೆಯಲ್ಲಿ, ಹಾರ್ವೆ ಕ್ಲೈನ್ ಮೊದಲಾದವರು ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ, ಕೂಡಿಸಿದ ಸದ್ದನ್ನೂ ಈ ಕಣ್ಣನ್ನೂ ಒಂದೇ ಮೇಜಿನಲ್ಲಿ ಸೇರಿಸಿದರು. ಮೈಯೊಳಗೆ ಎಲ್ಲಿ ಎಷ್ಟು ಡಿಗ್ರಿ ಏರಿತು ಎಂಬುದು ಕೆಲವು ಸೆಕೆಂಡಿಗೊಮ್ಮೆ ಪರದೆಯ ಮೇಲೆ ಬಣ್ಣವಾಗಿ ಮೂಡತೊಡಗಿತು. ತುಲೋನಿನ ಮೀನು ಸತ್ತು ಅಷ್ಟರಲ್ಲಿ ಮುಕ್ಕಾಲು ಶತಮಾನ ಕಳೆದಿತ್ತು. ಈ ಕಣ್ಣು ಸಿಕ್ಕಿದ ಮೇಲೆ 2004ರಲ್ಲಿ ಗರ್ಭಕೋಶದ ಮಾಂಸದ ಗಡ್ಡೆಗೆ, ಅಂದರೆ ಫೈಬ್ರಾಯ್ಡಿಗೆ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್.ಡಿ.ಎ. ಈ ಚಿಕಿತ್ಸೆಯನ್ನು ಒಪ್ಪಿತು.

ಇನ್ನು ಎಲುಬಿನ ಮಾತು. ಚೀನದ ಚೋಂಗ್‌ಚಿಂಗ್ ವೈದ್ಯಕೀಯ ವಿಶ್ವವಿದ್ಯಾಲಯದ ವಾಂಗ್ ಝಿಬಿಯಾವೊ ಮತ್ತು ಸಂಗಡಿಗರು ಬೋಸ್ಟನ್ನಿನವರಿಗಾಗಿ ಕಾಯಲಿಲ್ಲ. ಸ್ಕ್ಯಾನಿಂಗಿನ ಚಿತ್ರವನ್ನೇ ಕಣ್ಣಾಗಿಟ್ಟುಕೊಂಡು 1997ರಲ್ಲಿ ಎಲುಬಿನ ಕ್ಯಾನ್ಸರಿನ ಒಬ್ಬ ರೋಗಿಗೆ ಕೂಡಿಸಿದ ಸದ್ದಿನ ಚಿಕಿತ್ಸೆ ಮಾಡಿದರು. ಎಲುಬಿನ ಕ್ಯಾನ್ಸರ್ ಎಂದರೆ ಕೈ ಅಥವಾ ಕಾಲನ್ನೇ ಕತ್ತರಿಸುವ ಕಾಲವೊಂದಿತ್ತು. ಆ ಅಂಗವನ್ನು ಉಳಿಸಲು ಸಾಧ್ಯವೇ ಎಂಬುದು ಅವರ ಪ್ರಶ್ನೆ. 2010ರಲ್ಲಿ ಅವರು 80 ರೋಗಿಗಳ ವಿವರ ಪ್ರಕಟಿಸಿದರು. ಅವರಲ್ಲಿ ಅನೇಕರಿಗೆ ಕ್ಯಾನ್ಸರಿನ ಮಾಮೂಲಿ ಔಷಧವನ್ನೂ ಜೊತೆಗೇ ಕೊಟ್ಟಿದ್ದರು ಎಂಬುದನ್ನು ಮರೆಯಬಾರದು.

ಬೇರೆ ಕಡೆಯವರು ಕೈಹಾಕಿದ್ದು ಇನ್ನೊಂದು ತೊಂದರೆಗೆ. ಸ್ತನ, ಶ್ವಾಸಕೋಶ, ಗಂಡಸರ ಪ್ರಾಸ್ಟೇಟ್ ಗ್ರಂಥಿ, ಇಂಥ ಕಡೆ ಹುಟ್ಟಿದ ಕ್ಯಾನ್ಸರ್ ಕೊನೆಕೊನೆಗೆ ಎಲುಬಿಗೆ ಹಬ್ಬುವುದುಂಟು. ಆಗಿನ ನೋವು ಭಯಂಕರ. ಮಗ್ಗುಲು ಬದಲಿಸಲಾಗದು, ಕೂರಲಾಗದು. ಅದಕ್ಕೆ ಮೊದಲ ಉಪಾಯ ಇಂದಿಗೂ ವಿಕಿರಣ ಚಿಕಿತ್ಸೆ, ನಮ್ಮವರು ಕರೆಂಟು ಕೊಡಿಸುವುದು ಎನ್ನುತ್ತಾರೆ. ಅದರಿಂದಲೂ ಕೆಲವರಿಗೆ ನೋವು ಇಳಿಯುವುದಿಲ್ಲ. ನೋವನ್ನು ಹೊತ್ತೊಯ್ಯುವ ನರಗಳು ತುಂಬಿರುವುದು ಎಲುಬಿನ ಮೇಲಿನ ತೆಳು ಪೊರೆಯಲ್ಲಿ. ಎಲುಬು ಸದ್ದನ್ನು ಹೀರಿ ಕಾಯುತ್ತದೆ ಎಂದೆನಲ್ಲ, ಫ್ರೈ ಸಹೋದರರಿಗೆ ಅಡ್ಡಬಂದ ಆ ಗುಣವೇ ಇಲ್ಲಿ ಒದಗಿಬಂತು. ಎಲುಬಿನ ಮೈ ಬಿಸಿಯಾಗಿ, ಅದಕ್ಕಂಟಿದ ಪೊರೆಯ ನರಗಳು ಬೆಂದು, ನೋವಿನ ಸುದ್ದಿ ಮೆದುಳಿಗೆ ಹೋಗುವುದು ನಿಲ್ಲುತ್ತದೆ. ಮಾಂಸದ ಗಡ್ಡೆಗೆ ಬೇಕಾದುದಕ್ಕಿಂತ ಕಡಿಮೆ ಬಲದ ಸದ್ದೇ ಇಲ್ಲಿ ಸಾಕು.

ಚಿಕಿತ್ಸೆ ನಡೆಯುವ ಬಗೆ ಹೀಗೆ. ಎಂ.ಆರ್.ಐ. ಯಂತ್ರದ ಮೇಜಿನ ಮೇಲೆ ರೋಗಿಯನ್ನು ಮಲಗಿಸುತ್ತಾರೆ. ಸದ್ದು ಬರುವ ಬೋಗುಣಿಗೂ ಚರ್ಮಕ್ಕೂ ನಡುವೆ ನೀರು ಅಥವಾ ಜೆಲ್ಲಿನ ದಿಂಬು. ಗಾಳಿಯ ಒಂದು ಗುಳ್ಳೆ ಇದ್ದರೂ ಸದ್ದು ಅಲ್ಲೇ ತಡೆದು ಚರ್ಮ ಸುಟ್ಟೀತು, ಆದ್ದರಿಂದ ಆ ಜಾಗದ ಕೂದಲನ್ನೂ ಬೋಳಿಸುತ್ತಾರೆ. ನೋವು ತಿಳಿಯದಂತೆ ಔಷಧ ಕೊಡುತ್ತಾರೆ. ಮೊದಲು ಸಣ್ಣ ಬಲದ ಸದ್ದು ಬಿಟ್ಟು ಗುರಿ ಸರಿಯಿದೆಯೇ ಎಂದು ಪರದೆಯಲ್ಲಿ ನೋಡುತ್ತಾರೆ. ಆಮೇಲೆ ಬಲ ಏರಿಸುತ್ತಾರೆ. ಗುರಿಯಿಟ್ಟ ಜಾಗ ಅರವತ್ತು ಡಿಗ್ರಿಯ ಆಸುಪಾಸಿಗೆ ಏರಿದರೆ, ಮೊಟ್ಟೆಯ ಬಿಳಿ ಬಿಸಿನೀರಲ್ಲಿ ಗಟ್ಟಿಯಾಗುವ ಹಾಗೆ ಜೀವಕೋಶ ಬೆಂದು ಸಾಯುತ್ತದೆ. ಕೆಲವು ಸೆಕೆಂಡು ಸದ್ದು, ಸ್ವಲ್ಪ ಹೊತ್ತು ಆರಲು ಬಿಡುವು, ಪಕ್ಕದ ಚುಕ್ಕಿಗೆ ಮತ್ತೆ ಸದ್ದು. ರೋಗಿಯ ಕೈಗೆ ಒಂದು ಗುಂಡಿ ಕೊಟ್ಟಿರುತ್ತಾರೆ. ತಾಳಲಾಗದಿದ್ದರೆ ಒತ್ತಬಹುದು, ಸದ್ದು ನಿಲ್ಲುತ್ತದೆ. ಇಡೀ ಕೆಲಸಕ್ಕೆ ಗಂಟೆಗಳೇ ಹಿಡಿಯುತ್ತವೆ.

ಎಲುಬಿಗೆ ಹಬ್ಬಿದ ಕ್ಯಾನ್ಸರಿನ ನೋವಿಗೆ ಎಫ್.ಡಿ.ಎ. 2012ರಲ್ಲಿ ಒಪ್ಪಿಗೆ ಕೊಟ್ಟಿತು. ಇದಕ್ಕೆ ಆಧಾರವಾದ ಪರೀಕ್ಷೆ 2014ರಲ್ಲಿ ಪ್ರಕಟವಾಯಿತು. ಅದರ ಲೆಕ್ಕವನ್ನು ಕೇಳಿ. ವಿಕಿರಣದಿಂದ ನೋವು ಇಳಿಯದ, ಅಥವಾ ವಿಕಿರಣ ಕೊಡಲಾಗದ, ಅಥವಾ ಬೇಡವೆಂದ 147 ಮಂದಿ ರೋಗಿಗಳು. 112 ಮಂದಿಗೆ ನಿಜವಾದ ಚಿಕಿತ್ಸೆ. ಉಳಿದ 35 ಮಂದಿಯನ್ನು ಅದೇ ಯಂತ್ರದಲ್ಲಿ ಅದೇ ರೀತಿ ಮಲಗಿಸಿ ಸದ್ದು ಬಿಡಲಿಲ್ಲ. ತಮಗೆ ಸಿಕ್ಕಿದ್ದು ಯಾವುದು ಎಂದು ರೋಗಿಗಳಿಗೆ ಹೇಳಿರಲಿಲ್ಲ. ಮೂರು ತಿಂಗಳ ಮೇಲೆ ನೋಡಿದರೆ ಚಿಕಿತ್ಸೆಯವರಲ್ಲಿ ನೂರಕ್ಕೆ 64 ಮಂದಿಗೆ ಗುಣ ಕಂಡಿತ್ತು. ಬರೀ ಮಲಗಿದ್ದವರಲ್ಲೂ ನೂರಕ್ಕೆ 20 ಮಂದಿಗೆ ಕಂಡಿತ್ತು! ಮನಸ್ಸಿನ ನಂಬಿಕೆ ಎಷ್ಟು ಕೆಲಸ ಮಾಡುತ್ತದೆ ನೋಡಿ. ಹೀಗೆ ಸುಳ್ಳು ಚಿಕಿತ್ಸೆಯನ್ನು ಪಕ್ಕದಲ್ಲಿಟ್ಟು ತೂಗದಿದ್ದರೆ ಆ ಇಪ್ಪತ್ತನ್ನೂ ಯಂತ್ರದ ಖಾತೆಗೇ ಜಮಾ ಮಾಡಿಬಿಡುತ್ತಿದ್ದರು. ಖರ್ಚಿನ ಬದಿಯಲ್ಲೂ ಕೆಲವು ನಮೂದುಗಳಿವೆ. ನೂರಕ್ಕೆ 32 ಮಂದಿಗೆ ಸದ್ದು ಬಿಡುವಾಗ ನೋವಾಯಿತು. ಇಬ್ಬರಿಗೆ ಎಲುಬು ಮುರಿಯಿತು, ಒಬ್ಬರ ಚರ್ಮ ಆಳವಾಗಿ ಸುಟ್ಟಿತು, ಒಬ್ಬರಿಗೆ ನರಕ್ಕೆ ಪೆಟ್ಟಾಯಿತು.

ಇದರಿಂದ ಗುಣವಾದದ್ದು ನೋವು, ಕ್ಯಾನ್ಸರ್ ಅಲ್ಲ. ಮನೆಯವರಿಗೆ ಇದನ್ನು ಯಾರಾದರೂ ಬಿಡಿಸಿ ಹೇಳಲೇಬೇಕು. ಹೊಲ ಮಾರಿ ಯಜಮಾನನನ್ನು ಉಳಿಸಿಕೊಂಡೆವು ಎಂದು ತಿಳಿದವರಿಗೆ ಆರು ತಿಂಗಳ ಮೇಲೆ ಬೇರೆ ಸುದ್ದಿ ಬಂದರೆ ಏನಾಗಬೇಡ? ಹಾಗೆಂದು ಕೊನೆಯ ದಿನಗಳಲ್ಲಿ ನಿದ್ದೆ ಬರುವಷ್ಟು ನೋವು ಇಳಿದರೆ ಅದು ಸಣ್ಣ ಲಾಭವೂ ಅಲ್ಲ. ಯಾವುದಕ್ಕೆ ಎಷ್ಟು ಕೊಡುತ್ತಿದ್ದೇವೆ ಎಂಬುದು ಮೊದಲೇ ಗೊತ್ತಿದ್ದರೆ ಒಳ್ಳೆಯದೆಂದು ನನ್ನ ಅಭಿಪ್ರಾಯ.

ನಿಜಕ್ಕೂ ಗುಣವಾಗುವ ಎಲುಬಿನ ಕಾಯಿಲೆಯೂ ಒಂದಿದೆ. ಆಸ್ಟಿಯಾಯ್ಡ್ ಆಸ್ಟಿಯೋಮಾ ಎಂದು ಅದರ ಹೆಸರು. 1935ರಲ್ಲಿ ಹೆನ್ರಿ ಜಾಫೆ ಎಂಬ ಅಮೆರಿಕದ ವೈದ್ಯ ಅದನ್ನು ಬೇರೆಯಾಗಿ ಗುರುತಿಸಿದ. ಹೆಚ್ಚಾಗಿ ಹುಡುಗರಿಗೆ, ಪ್ರಾಯದವರಿಗೆ ಬರುತ್ತದೆ. ಕ್ಯಾನ್ಸರ್ ಅಲ್ಲ, ಕಡಲೆಕಾಳಿನಷ್ಟು ಗಂಟು. ಆದರೆ ರಾತ್ರಿ ಹೊತ್ತು ನೋವು ಕೆರಳುತ್ತದೆ, ಆಸ್ಪಿರಿನ್ ನುಂಗಿದರೆ ಇಳಿಯುತ್ತದೆ. ಬೆಳೆಯುವ ಮಕ್ಕಳ ಕಾಲುನೋವು ಎಂದು ಎಣ್ಣೆ ತಿಕ್ಕುತ್ತಾ ವರ್ಷ ಕಳೆಯುವುದೂ ಉಂಟು. ಮೊದಲು ಎಲುಬು ಕೊರೆದು ತೆಗೆಯುತ್ತಿದ್ದರು. 1990ರ ದಶಕದಿಂದ ಬೋಸ್ಟನ್ನಿನ ರೋಸೆಂಥಾಲ್ ತೋರಿಸಿದಂತೆ ಬಿಸಿ ಸೂಜಿ ಇಳಿಸಿ ಸುಡುವ ಕ್ರಮ ಬಂತು. 2013ರಲ್ಲಿ ರೋಮಿನ ನಾಪೋಲಿ ಮತ್ತು ಸಂಗಡಿಗರು ಸೂಜಿಯೂ ಇಲ್ಲದೆ, ಎಕ್ಸ್‌ರೇಯೂ ಇಲ್ಲದೆ ಸದ್ದಿನಿಂದಲೇ ಸುಟ್ಟ ವಿವರ ಪ್ರಕಟಿಸಿದರು. 2020ರಲ್ಲಿ ಎಫ್.ಡಿ.ಎ. ಅದಕ್ಕೂ ಒಪ್ಪಿತು. ಮಾಂಸಖಂಡದ ನಡುವೆ ಬೇರುಬಿಟ್ಟು ಬೆಳೆಯುವ ಡೆಸ್ಮಾಯ್ಡ್ ಎಂಬ ಗಡ್ಡೆಗೂ ಕೆಲವು ಕೇಂದ್ರಗಳಲ್ಲಿ ಇದನ್ನು ಬಳಸುತ್ತಾರೆ. ಅದು ಹರಡಿಕೊಂಡು ಬೆಳೆಯುವುದರಿಂದ ಒಂದೇ ಸಲಕ್ಕೆ ಮುಗಿಯುವುದು ಅಪರೂಪ.

ಇದಕ್ಕೆಲ್ಲ ಎಂ.ಆರ್.ಐ. ಬೇಕು, ಅದಕ್ಕೆ ಹೊಂದುವ ಸದ್ದಿನ ಮೇಜು ಬೇಕು, ಪಳಗಿದವರು ಬೇಕು. ತಾಲ್ಲೂಕು ಊರಿನ ಫಿಸಿಯೋಥೆರಪಿ ಕೋಣೆಯಲ್ಲಿ ‘ಅಲ್ಟ್ರಾಸೌಂಡ್ ಕೊಡುತ್ತೇವೆ’ ಎಂದರೆ ಅದು ಪೋಲ್‌ಮನ್ನನ ಮೆಲ್ಲಗಿನ ಯಂತ್ರ, ಇದಲ್ಲ. ಮುರಿದ ಮೂಳೆ ಬೇಗ ಕೂಡಲೆಂದು ಮನೆಯಲ್ಲೇ ದಿನಕ್ಕೆ ಇಪ್ಪತ್ತು ನಿಮಿಷ ಕಟ್ಟಿಕೊಳ್ಳುವ ಇನ್ನೊಂದು ಸಣ್ಣ ಯಂತ್ರವಿದೆ. ಅದರ ಸದ್ದು ಬಿಸಿಯೇ ಆಗದಷ್ಟು ಮೆತ್ತಗೆ. ಅಮೆರಿಕದಲ್ಲಿ 1994ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿ, ವರ್ಷಗಟ್ಟಲೆ ಮಾರಾಟವಾಯಿತು. ಕೊನೆಗೆ ಮೊಣಕಾಲಿನ ಕೆಳಗಿನ ದೊಡ್ಡ ಎಲುಬು ಮುರಿದು ಶಸ್ತ್ರಚಿಕಿತ್ಸೆಯಾದ 501 ಮಂದಿಯಲ್ಲಿ ಕೆಲವರಿಗೆ ನಿಜವಾದ ಯಂತ್ರ, ಕೆಲವರಿಗೆ ಸದ್ದಿಲ್ಲದ ಯಂತ್ರ ಕೊಟ್ಟು ನೋಡಿದರು. 2016ರಲ್ಲಿ ಫಲಿತಾಂಶ ಬಂತು. ಎಲುಬು ಕೂಡಿದ್ದರಲ್ಲಾಗಲಿ, ಮತ್ತೆ ಕೆಲಸಕ್ಕೆ ನಡೆದದ್ದರಲ್ಲಾಗಲಿ, ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ.

ಆದ್ದರಿಂದ ನಿಮ್ಮ ಮನೆಯವರಿಗೆ ಯಾರಾದರೂ ಸದ್ದಿನ ಚಿಕಿತ್ಸೆ ಹೇಳಿದರೆ ಡಾಕ್ಟರನ್ನು ಮೂರು ಮಾತು ಕೇಳಿ. ಇದು ಮೆಲ್ಲಗೆ ಬಿಸಿಮಾಡುವ ಸದ್ದೋ, ಕೂಡಿಸಿ ಸುಡುವ ಸದ್ದೋ? ಸುಡುವಾಗ ಒಳಗಿನ ಬಿಸಿಯನ್ನು ನೋಡುವ ಯಂತ್ರ ಯಾವುದು? ಹೋಗುವುದು ಗಡ್ಡೆಯೋ, ನೋವು ಮಾತ್ರವೋ? ಕೇಳಲು ಸಂಕೋಚ ಬೇಡ. ಉತ್ತರ ತೆಲುಗಿನಲ್ಲಿ ಬಂದರೂ ಕನ್ನಡದಲ್ಲಿ ಬಂದರೂ ನಮಗೆ ಎರಡೂ ತಿಳಿಯುತ್ತದೆ.